ಸೋದರಮಾವನ ಧೋತರ

ನನ್ನ ಅಪ್ಪ ಗೌಂಡಿ. ಕಲಬುರಗಿಯಿಂದ ಬಂದು ಸಂಭಾಜಿನಗರದಲ್ಲಿ ಮಂದಿಯ ಬಂಗಲೆಗಳಿಗೆ ಗೋಡೆ ಏರಿಸುತ್ತಾನೆ, ನಾವು ತಗಡಿನ ಶೆಡ್ಡಿನಲ್ಲಿರುತ್ತೇವೆ. ಅವನ ಅಕ್ಕ, ಅಂದರೆ ನನ್ನ ಅತ್ತೆ, ನಾಶಿಕದ ದೊಡ್ಡ ಕಿರಾಣಿ ವ್ಯಾಪಾರಿಯ ಹೆಂಡತಿ. ಆಕೆಯ ಮಗಳ ಮದುವೆ ಗೊತ್ತಾದಾಗ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮಲ್ಲಿ ಅಕ್ಷತೆಯ ಹೊತ್ತಿಗೆ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು, ಅದೂ ಅಕ್ಕ ಆಯೇರಿ ಎಂದು ಉಡುಗೊರೆ ಕೊಟ್ಟ ಹೊಸ ಧೋತರ ಉಟ್ಟು.

ವರ್ಷಗಟ್ಟಲೆ ಪ್ಯಾಂಟಿನಲ್ಲೇ ದುಡಿದವನಿಗೆ ಕಚ್ಚೆ ಹಾಕುವುದು ಮರೆತೇ ಹೋಗಿತ್ತು. ಬಾಗಿಲು ಮುಚ್ಚಿಕೊಂಡು ಅವ್ವನ ಹಳೆಯ ಸೀರೆ ಸುತ್ತಿ ರೂಢಿ ಮಾಡಿದ. "ಅಯ್ಯ ಶಿವನ, ಈ ಹೆಣ್ಮಗಳು ಎಲ್ಲಿಂದ ಬಂದಳವ್ವ!" ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಅವನ ಮದುವೆಯ ಧೋತರವನ್ನು ಚೀಲಕ್ಕೆ ತುರುಕಿದಳು. ಅಪ್ಪ ಅದನ್ನು ತೆಗೆದಿಟ್ಟ.

"ನಂದು ನಾ ಒಯ್ದರ ಅಕ್ಕನ ಮಾನ ಏನಾಗಬೇಕು? ಮಂದಿ ಏನಂತಾರ?"

ಅಕ್ಕನ ಮಾನವಂತೆ, ಅದಕ್ಕಿಷ್ಟು ಬೆಂಕಿ ಹಚ್ಚಲಿ!

ನಾಶಿಕದ ಮಂಗಲ ಕಾರ್ಯಾಲಯದಲ್ಲಿ ಅತ್ತೆಯ ಗಂಡ ಮೈಕಿನಲ್ಲಿ ಹೆಸರು ಕೂಗಿ ಆಯೇರಿ ಮಾಡಿಸುತ್ತಿದ್ದ. ಅಪ್ಪನ ಪಾಳಿ ಬಂತು. ತಲೆಗೊಂದು ಬಿಳಿ ಟೋಪಿ, ಹೆಗಲಿಗೊಂದು ಟವೆಲ್. ಆ ಸೀಮೆಯಲ್ಲಿ ಟೋಪಿ-ಟವೆಲ್ ಎಂದರೆ ಹಾದಿಹೋಕನಿಗೂ ಕೊಡುವ ಮರ್ಯಾದೆ. ಇನ್ನೇನೋ ಬರುವುದಿದೆ ಎಂದು ಅಪ್ಪ ಅಲ್ಲೇ ನಿಂತಿದ್ದ. "ಇಳೀರಿ, ಮುಂದಿನವರು ಬರಲಿ" ಎಂದು ಮೈಕಿನಲ್ಲೇ ಹೇಳಿಸಿಕೊಂಡು ಇಳಿದ.

ಮುಂದಿನವನು ನಿಫಾಡದ ದ್ರಾಕ್ಷಿ ತೋಟದ ಮಾಲಕ, ಅತ್ತೆಯ ಗಂಡನ ದೋಸ್ತ. ಅಂಗೈ ಅಗಲದ ಜರಿಯಂಚಿನ ರೇಷ್ಮೆ ಧೋತರ ಹೋದದ್ದು ಅವನ ಕೈಗೆ. ಮದುಮಗಳ ಹಿಂದೆ ನಿಲ್ಲುವವನೂ ಅವನೇ ಎಂದು ಆಗ ತಿಳಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳೇನು? ಆದರೆ ಆ ಪುಣ್ಯಾತ್ಮನಿಗೆ ಉಡಲು ಬರದು. ಅತ್ತೆ ಅಪ್ಪನನ್ನು ಕೋಣೆಗೆ ಕರೆದಳು.

"ಏ ತಮ್ಮಾ, ಇವರಿಗಿಷ್ಟು ಕಚ್ಚಿ ಹಾಕಿಕೊಡು. ನಿನಗ ಬರ್ತದಲ್ಲ."

ಅಪ್ಪ ಅವನ ಮುಂದೆ ಮೊಣಕಾಲೂರಿದ. ನಿರಿಗೆ ಕೂಡಿಸಿ ಸಿಕ್ಕಿಸಿದ, ಹಿಂದಕ್ಕೆ ಹೋಗಿ ಕಚ್ಚೆ ಬಿಗಿದ. ಸಿಮೆಂಟು ತಿಂದ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಂಡಾಗ ಆತ ಮರಾಠಿಯಲ್ಲಿ ಗದರಿದ. ಅತ್ತೆ ನಕ್ಕಳು. ಬಾಗಿಲಲ್ಲಿದ್ದ ನನಗೆ ಆಕೆಯ ಜುಟ್ಟು ಹಿಡಿದು ಎಳೆಯಬೇಕೆನಿಸಿತು.

ಅಕ್ಷತೆ ಬಿದ್ದ ಮೇಲೆ ಅವ್ವ ಚೀಲ ಎತ್ತಿಕೊಂಡಳು.

"ಏಳ್ರಿ, ಹೋಗೂಣು. ಈ ಮನಿ ನೀರೂ ನಮಗ ಬ್ಯಾಡ."

"ಉಣಲಾರದ ಹೋದರ ಅಕ್ಕಗ ಅಪಮಾನ ಆಗ್ತದ" ಎಂದ ಅಪ್ಪ. ಹೋಗಿ ಪಂಕ್ತಿಯಲ್ಲಿ ಕುಳಿತ. ನಾವೂ ಕುಳಿತೆವು.

ಅತ್ತೆ ಗಂಡನೊಡನೆ ನಮ್ಮ ಬೆನ್ನ ಹಿಂದೆ ಹಾದುಹೋದಳು. ದನಿ ಇಳಿಸುವ ಗೋಜಿಗೂ ಹೋಗಲಿಲ್ಲ.

"ನಾ ಹೇಳಿದ್ದಿಲ್ಲೇನ್ರಿ? ಉಣ್ಣಾಕ ಹಾಕಿದರ ಮುಗೀತು, ಅವ ಏನೂ ಅನ್ನಂಗಿಲ್ಲ."

ಅಪ್ಪ ಕೇಳಿಸಿಕೊಂಡ. ತಲೆ ಎತ್ತದೆ ಇನ್ನೊಂದು ಹೋಳಿಗೆ ನೀಡಿಸಿಕೊಂಡ.