ನಾನು ಮೆಚ್ಚಿದ ಸುಳ್ಳು ಹರಕೆ

ನಮ್ಮ ರಿಜಿಸ್ಟರಿನಲ್ಲಿ ‘ಸಲಹೆ ನೀಡಲಾಗಿದೆ’ ಎಂಬ ಒಂದು ಕಾಲಂ ಇದೆ. ಅದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಚ್‌ಐವಿ ಇರುವವರಿಗೆ ತಿಳಿಹೇಳುವುದು ನನ್ನ ಕೆಲಸ. ಸರ್ಕಾರಿ ಭಾಷೆಯಲ್ಲಿ ಆಪ್ತ ಸಮಾಲೋಚಕಿ. ಎಂಥ ಆಪ್ತಳೋ!

ಐಮಂಗಲದ ಕಡೆಯ ಕುರಿಗಾಹಿಯೊಬ್ಬ ಬರುತ್ತಿದ್ದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕುರಿ ಹಿಂದೆ ಅಲೆಯುವಾಗ ಮಾತ್ರೆ ತಪ್ಪಿಸುತ್ತಿದ್ದ. ಡಾಕ್ಟರು ಎರಡು ನಿಮಿಷ ಗದರಿ ನನ್ನ ಕಡೆ ದಾಟಿಸುತ್ತಿದ್ದರು. ಹೆಂಡತಿಗೆ ಹೇಳಿ, ಅವಳನ್ನೂ ಪರೀಕ್ಷೆಗೆ ಕರೆತನ್ನಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ ಎಂದು ನಾನು ಪ್ರತಿಸಲ ಹೇಳುತ್ತಿದ್ದೆ. ಅವನು ಕಂಬಳಿಯ ಅಂಚು ಹಿಂಡುತ್ತ ಕೂರುತ್ತಿದ್ದ.

ಒಂದು ದಿನ ಅವನೇ ದಾರಿ ಹುಡುಕಿಕೊಂಡು ಬಂದ. ಮನೆದೇವರಿಗೆ ಹರಕೆ ಹೊತ್ತಿದ್ದೇನೆ, ತೀರುವವರೆಗೆ ಹೆಂಡತಿಯ ಜೊತೆ ಮಲಗುವಂತಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದನಂತೆ. ದೇವರ ವಿಷಯವೆಂದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ನಾನು ಶಹಬ್ಬಾಸ್ ಎಂದೆ. ಹಾವೂ ಸಾಯದು, ಕೋಲೂ ಮುರಿಯದು ಅನ್ನಿಸಿತು. ಹೆಂಡತಿಯನ್ನು ಕರೆತನ್ನಿ ಎಂದು ಕಾಡುವುದನ್ನೇ ಬಿಟ್ಟೆ. ಆ ಕಾಲಮಿನಲ್ಲಿ ಟಿಕ್ ಹಾಕಿದೆ.

ಅಲ್ಲಿ ಒಬ್ಬ ಹೆಂಗಸಿದ್ದಾಳೆ, ಅವಳಿಗೂ ಒಂದು ಮನಸ್ಸಿದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕಾದು ಸಾಕಾಗಿ ಅವಳು ಮೂರು ಸೋಮವಾರ ಉಪವಾಸವಿದ್ದು ದೇವರ ಮುಂದೆ ಹೂ ಕೇಳಿದಳು. ಹರಕೆ ತೀರಿದ್ದರೆ ಬಲಗಡೆಯ ಹೂ ಕೊಡಪ್ಪ ಎಂದಳು. ಬಲಗಡೆಯದೇ ಬಿತ್ತು. ಹಿರಿಯರೆಲ್ಲ ತೀರಿತು ಎಂದರು. ಹೊತ್ತೇ ಇರದ ಹರಕೆಯನ್ನು ಅವನು ಯಾವ ಬಾಯಿಂದ ಉಳಿಸಿಕೊಂಡಾನು?

ಬಸುರಿಯಾದಾಗಿನ ತಪಾಸಣೆಯಲ್ಲಿ ಅವಳಿಗೂ ಸೋಂಕು ಇರುವುದು ಗೊತ್ತಾಯಿತು. ಅವಳೆದುರು ಎಲ್ಲ ಒಪ್ಪಿಕೊಂಡ ಗಂಡ ಹೊರಗಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕುಳಿತಿದ್ದ. ಅವಳು ನನ್ನೆದುರು ಕುಳಿತಿದ್ದಳು. ದಿನಾ ಮಾತ್ರೆ ತಗೊಂಡರೆ ಮಗುವನ್ನು ಸೋಂಕಿನಿಂದ ಉಳಿಸಿಕೊಳ್ಳಬಹುದು ಎಂದು ನಾನು ಕಲಿತ ಪಾಠ ಒಪ್ಪಿಸುತ್ತಿದ್ದೆ. ಅರ್ಧಕ್ಕೇ ತಡೆದಳು.

“ಹರಕೆ ಸುಳ್ಳು ಅಂತ ನಿಮಗೆ ಗೊತ್ತಿತ್ತೇನ್ರಿ?”

ಗೊತ್ತಿತ್ತು ಎಂದೆ. ರೋಗಿಯ ಗುಟ್ಟು ಬಿಡುವಂತಿಲ್ಲ ಎಂಬ ನಿಯಮ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಗುಟ್ಟು ಬಿಡುವಂತಿರಲಿಲ್ಲ, ನಿಜ. ಆದರೆ ಅವನೇ ಬಾಯಿ ಬಿಡುವವರೆಗೆ ಬೆನ್ನು ಬೀಳಬಹುದಿತ್ತಲ್ಲ? ನನ್ನನ್ನು ಅಲ್ಲಿ ಕೂರಿಸಿದ್ದೇ ಅದಕ್ಕೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅವಳು ಅಳಲಿಲ್ಲ. ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

“ಇಷ್ಟು ದಿನ ಆ ದೇವರನ್ನ ಬೈಕಂಡೆ ಮೇಡಂ. ಗೊತ್ತಿದ್ದೋರು ನೀವು, ಇಲ್ಲೇ ಕುಂತಿದ್ರಿ.”