ಹತ್ತು ಪಟ್ಟಿನ ಗಾಜು

ಗುರಿಸ್ಪರ್ಧೆಗೂ ಬೇಟೆಗೂ ಆಗುವಂಥ ದುರ್ಬೀನು ರೈಫಲ್ಲಿಗೆ ಯಾವುದು ಒಳ್ಳೆಯದು ಎಂದು ಮೊನ್ನೆ ಯಾರೋ ಈ ಗುಂಪಿನಲ್ಲಿ ಬರೆದು ಕೇಳಿದ್ದರು. ಕೆಳಗೆ ಹತ್ತು ಜನ ಹತ್ತು ಥರ ಬುದ್ಧಿ ಹೇಳಿದ್ದರು. ನನಗೆ ಚೆನ್ನಾಗಿ ಗೊತ್ತಿರುವ ದುರ್ಬೀನು ಒಂದೇ. ಅದನ್ನು ಆರಿಸಿದವನು ನಾನೇ. ಬೇಕೆಂದೇ ತಪ್ಪಾಗಿ ಆರಿಸಿದ್ದೆ.

ಬೇಟೆಯ ವಿಷಯ ಅಂದ ತಕ್ಷಣ ಕೆಲವರು ಬೈಯಲು ಬರುತ್ತೀರಿ. ಬನ್ನಿ. ಇದು ಅರವತ್ತರ ದಶಕದ ಕೊನೆಯ ಮಾತು. ಆಗ ಲೈಸೆನ್ಸ್ ಇದ್ದವರು ಹಂದಿ ಹೊಡೆದರೆ ಯಾರೂ ಕೇಳುತ್ತಿರಲಿಲ್ಲ, ಹೊಡೆಯದಿದ್ದರೆ ಹೆಂಡತಿ ಕೇಳುತ್ತಿದ್ದಳು. ಒಂದು ಹಿಂಡು ಗದ್ದೆಗೆ ಇಳಿದರೆ ವರ್ಷದ ಅಕ್ಕಿ ಹೋದ ಹಾಗೆ.

ನಮ್ಮದು ಅರಳಸುರಳಿ. ಅಕ್ಕನನ್ನು ಮಾಸ್ತಿಕಟ್ಟೆಯ ಕಡೆಗೆ ಕೊಟ್ಟಿದ್ದರು. ಭಾವನಿಗೆ ನನಗಿಂತ ಹದಿನೆಂಟು ವರ್ಷ ಹೆಚ್ಚು. ಎದುರಿಗೆ ಬನ್ನಿ, ಹೋಗಿ ಎಂದೇ ಮಾತಾಡಿಸುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನ್ನಿಂದ ಆಗುವುದಿಲ್ಲ. ಸುತ್ತಲಿನವರ ಹತ್ತಿರ ಕೇಪಿನ ಕೋವಿ, ಹೆಚ್ಚೆಂದರೆ ತೋಟಾ ಕೋವಿ ಇದ್ದ ಕಾಲದಲ್ಲಿ ಅವನ ಹತ್ತಿರ ಒಂದು ತ್ರೀ-ಫಿಫ್ಟೀನ್ ರೈಫಲ್ ಇತ್ತು. ಅದನ್ನು ಎಣ್ಣೆ ಹಚ್ಚಿ ಒರೆಸುವಾಗ ಅವನ ಮುಖ ನೋಡಬೇಕಿತ್ತು, ಅಕ್ಕನ ಮಕ್ಕಳನ್ನು ಅವನು ಹಾಗೆ ಮುಟ್ಟಿದ್ದನ್ನು ನಾನು ಕಂಡಿಲ್ಲ.

ನಾನು ಸಾಗರದ ಕಾಲೇಜಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಗುರಿ ಕಲಿತೆ. ಬೇರೆ ಯಾವುದರಲ್ಲೂ ನಾನು ಮುಂದಿರಲಿಲ್ಲ, ಇದರಲ್ಲಿ ಇದ್ದೆ. ಅಕ್ಕ ಹಟ ಹಿಡಿದು ಭಾವನ ಲೈಸೆನ್ಸಿನಲ್ಲಿ ನನ್ನ ಹೆಸರನ್ನು ರಿಟೇನರ್ ಎಂದು ಬರೆಸಿದಳು. ಅಂದರೆ ರೈಫಲ್ ಅವನದು, ಅವನ ಪರವಾಗಿ ನಾನೂ ಒಯ್ಯಬಹುದು, ಹೊಡೆಯಬಹುದು. ಅದು ಅವನಿಗೆ ಇಷ್ಟವಿರಲಿಲ್ಲ. ಪ್ರತಿ ಸಲ ಕೈಗೆ ಕೊಡುವಾಗ ನಳಿಗೆಯನ್ನು ಒಂದು ಗಳಿಗೆ ಹಿಡಿದುಕೊಂಡೇ ಇರುತ್ತಿದ್ದ, ನಾನು ಎಳೆದುಕೊಳ್ಳಬೇಕಾಗುತ್ತಿತ್ತು.

ಸಾಗರದ ಹೊರಗೆ ಒಂದು ಗುಡ್ಡಕ್ಕೆ ಎದುರಾಗಿ ಬೇಸಗೆಯಲ್ಲಿ ರೈಫಲ್ ಸ್ಪರ್ಧೆ ನಡೆಯುತ್ತಿತ್ತು. ಇನ್ನೂರು ಗಜದ ಗುರಿ. ಮೊದಲ ಇಬ್ಬರನ್ನು ಬೆಂಗಳೂರಿಗೆ ಕಳಿಸುತ್ತಿದ್ದರು. ಹಿಂದಿನ ವರ್ಷ ಬರಿಗಣ್ಣಲ್ಲಿ ಹೊಡೆದು ನಾನು ಮೂರನೆಯವನಾಗಿದ್ದೆ. ಮುಂದಿದ್ದ ಇಬ್ಬರ ರೈಫಲ್ ಮೇಲೂ ದುರ್ಬೀನು ಇತ್ತು. ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಕೆಲಸ ಸಿಕ್ಕಿರಲಿಲ್ಲ, ಅಪ್ಪ ನನ್ನ ಕಡೆ ನೋಡುವುದನ್ನು ಬಿಟ್ಟಿದ್ದ. ಬೆಂಗಳೂರಿಗೆ ಹೋಗಿಬಂದರೆ ನೋಡಿಯಾನು ಎಂದು ನನ್ನ ಲೆಕ್ಕ.

ಭಾವನಿಗೂ ದುರ್ಬೀನು ಬೇಕಿತ್ತು, ಬೇರೆ ಕಾರಣಕ್ಕೆ. ನಲವತ್ತು ದಾಟಿದ ಮೇಲೆ ನಳಿಗೆ ತುದಿಯ ಗುರಿಮುಳ್ಳು ಅವನಿಗೆ ಎರಡಾಗಿ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ಅಕ್ಕನಿಂದ ನನಗೆ ಗೊತ್ತಾಗಿತ್ತು. ಒಂದು ದಿನ ಅವನೇ ನನ್ನನ್ನು ಕರೆದು, ನೀನು ಓದಿದವ, ಶಿವಮೊಗ್ಗಕ್ಕೆ ರೈಫಲ್ ತಗೊಂಡು ಹೋಗಿ ಒಂದು ಹಾಕಿಸಿಕೊಂಡು ಬಾ, ಆದರೆ ಕಾಡಿಗೆ ಆಗುವಂಥದ್ದು ತಾ ಎಂದ. ತರುತ್ತೇನೆ ಎಂದೆ.

ಕೋವಿ ಅಂಗಡಿಯ ಮುದುಕ ಮೇಜಿನ ಮೇಲೆ ಎರಡನ್ನು ಇಟ್ಟ. ಒಂದು ನಾಲ್ಕು ಪಟ್ಟಿನದು, ಅಂದರೆ ಎಲ್ಲವನ್ನೂ ನಾಲ್ಕು ಪಟ್ಟು ಹತ್ತಿರಕ್ಕೆ ತರುವಂಥದ್ದು, ಗಿಡ್ಡ, ಒಳಗೆ ಗುರಿಗೆ ದಪ್ಪ ಗೂಟದಂಥ ಗೆರೆ. ಇನ್ನೊಂದು ಹತ್ತು ಪಟ್ಟಿನದು, ಮೊಳದುದ್ದ, ಒಳಗೆ ಕೂದಲಿನಷ್ಟು ಸಣ್ಣ ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದವು. ಬಾಗಿಲಲ್ಲಿ ನಿಂತು ಬೀದಿಯ ಕಡೆ ನೋಡಿದೆ. ನಾಲ್ಕರಲ್ಲಿ ಇಡೀ ಬೀದಿ ಕಂಡಿತು. ಹತ್ತರಲ್ಲಿ ಬೀದಿಯ ಆ ತುದಿಯ ಬೋರ್ಡಿನಲ್ಲಿ ಬಣ್ಣ ಎದ್ದ ಜಾಗ ಕಂಡಿತು. ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಮುದುಕ ಎಲ್ಲಿ ಹೊಡೆಯುತ್ತೀರಿ ಎಂದು ಕೇಳಿದ. ಬಯಲಲ್ಲಿ, ಗುರಿಗೆ ಎಂದೆ. ಕಾಡಿಗೂ ಒಯ್ಯುತ್ತೀರಾ ಎಂದ. ನಾನು ಮತ್ತೆ ಬೋರ್ಡಿನ ಕಡೆ ನೋಡಿದೆ. ಅವನು ನನ್ನನ್ನು ಅಂಗಡಿಯ ಹಿಂಬಾಗಿಲಿಗೆ ಕರೆದುಕೊಂಡು ಹೋದ. ಓಣಿಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ಒಂದು ದನ ನಿಂತಿತ್ತು. ಹತ್ತು ಪಟ್ಟಿನದರಲ್ಲಿ ಅದನ್ನು ನೋಡಿ ಎಂದ. ನೋಡಿದೆ. ಮೊದಲು ದನ ಸಿಗಲೇ ಇಲ್ಲ. ಸಿಕ್ಕಾಗ ಮಂಜು ಮಂಜಾದ ರೋಮ ಬಿಟ್ಟರೆ ಏನೂ ಕಾಣಲಿಲ್ಲ, ಹೊಟ್ಟೆಯೋ ಕುತ್ತಿಗೆಯೋ ತಿಳಿಯಲಿಲ್ಲ. ನಾಲ್ಕರಲ್ಲಿ ಅದರ ಕಿವಿಯ ಮೇಲಿನ ನೊಣವೂ, ಪಕ್ಕದ ಗೋಡೆಯೂ ಒಟ್ಟಿಗೆ ಕಂಡವು.

"ಹಂದಿ ನಿಮ್ಮಿಂದ ಇನ್ನೂರು ಗಜ ದೂರ ನಿಂತ್ಕೊಂಡು ಕಾಯಲ್ಲ," ಎಂದ ಮುದುಕ.

ಹತ್ತು ಪಟ್ಟಿನದನ್ನೇ ಹಾಕಿ ಎಂದೆ. ಎತ್ತರಕ್ಕೆ ಕೂರಿಸಿದರೆ ಕೆಳಗಿಂದ ಹಳೆಯ ಗುರಿಮುಳ್ಳೂ ಕಾಣುತ್ತದೆ, ಕಾಡಿನಲ್ಲಿ ಆಪತ್ತಿಗೆ ಆಗುತ್ತದೆ ಎಂದು ಅವನು ಇನ್ನೊಂದು ಸಲ ಹೇಳಿದ. ಎತ್ತರವಾದರೆ ನನ್ನ ಕೆನ್ನೆ ರೈಫಲ್ಲಿನ ಹಿಂಭಾಗದ ಮರಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ತಗ್ಗಿಗೇ ಬಿಗಿಸಿದೆ. ಗುರಿಮುಳ್ಳು ಪೂರ್ತಿ ಮುಚ್ಚಿಹೋಯಿತು.

ಕುಯಿಲು ಮುಗಿದ ಗದ್ದೆಯಲ್ಲಿ ಎರಡು ದಿನ ಹೊಡೆದು ದುರ್ಬೀನನ್ನು ಗುರಿಗೆ ಹೊಂದಿಸಿದೆ. ಇನ್ನೂರು ಗಜದಲ್ಲಿ ಐದು ಗುಂಡು ಒಂದು ಬಟ್ಟಲೊಳಗೆ ಬೀಳುತ್ತಿದ್ದವು. ಭಾವನನ್ನು ಮನೆ ಮೇಲಿನ ದಿಬ್ಬಕ್ಕೆ ಕರೆದುಕೊಂಡು ಹೋಗಿ ಆಚೆ ಗುಡ್ಡ ತೋರಿಸಿದೆ. ಅವನು ಒಣಗಿದ ಮರದ ಮೇಲೆ ಕೂತ ಕಾಗೆಯ ಕೊಕ್ಕನ್ನು ಕಂಡು ನಕ್ಕ. ಅವನು ನಗುವುದು ಅಪರೂಪ. ಬಹಳ ಹೊತ್ತು ಆ ಗುಡ್ಡವನ್ನು ನೋಡಿದ ಮೇಲೆ ತಿರುಗಿ ಕೇಳಿದ:

"ಹತ್ತಿರದ್ದು ಹೆಂಗೆ ಕಾಣ್ತದಾ ಇದ್ರಲ್ಲಿ?"

"ದೂರದ್ದೇ ಇಷ್ಟು ಕಂಡ್ರೆ ಹತ್ತಿರದ್ದು ಕಾಣ್ದೇ ಇರ್ತದಾ ಭಾವ?" ಎಂದೆ.

ಆ ಮಾತನ್ನು ಅವನು ನಂಬಿದ. ನಂಬುವ ಹಾಗೇ ಇತ್ತು ಮಾತು. ಪಕ್ಕದ ಬಾಳೆಗಿಡಕ್ಕೆ ಒಮ್ಮೆ ತಿರುಗಿಸಿ ನೋಡಿದ್ದರೆ ಮುಗಿಯುತ್ತಿತ್ತು, ಅವನು ತಿರುಗಿಸಲಿಲ್ಲ. ಅದನ್ನೂ ನನ್ನ ತಲೆಗೆ ಕಟ್ಟಬೇಡಿ.

ಸ್ಪರ್ಧೆಗೆ ಹತ್ತು ಹನ್ನೆರಡು ದಿನ ಇರುವಾಗ ಮಾಸ್ತಿಕಟ್ಟೆಯವರು ಹಂದಿ ಬೇಟೆಗೆ ಹೊರಟರು. ಕೋವಿ ಇದ್ದವರು ಪ್ರಾಣಿ ದಾಟುವ ಜಾಗಗಳಲ್ಲಿ ಕಾದು ಕೂರುತ್ತಾರೆ, ಅದಕ್ಕೆ ಬಿಲ್ಲು ಅನ್ನುತ್ತಾರೆ. ಉಳಿದವರು ಹಳುವೆಂಬ ಪೊದೆಕಾಡಿನೊಳಗೆ ನುಗ್ಗಿ, ಕೂಗಿ, ನಾಯಿ ಬಿಟ್ಟು ಹಂದಿಯನ್ನು ಆ ಕಡೆ ಓಡಿಸುತ್ತಾರೆ. ಹಳು ನುಗ್ಗುವವರಿಗೆ ಮುಂದಾಳಾಗಿ ಒಬ್ಬ ವಯಸ್ಸಾದವನಿದ್ದ. ನಾಲ್ಕು ಬೇಟೆನಾಯಿ ಸಾಕಿದ್ದ, ಊರಲ್ಲಿ ಅವನನ್ನು ನಾಯಿಯವ ಎಂದೇ ಹೇಳುತ್ತಿದ್ದರು. ರೈಫಲ್ ಭಾವನ ಕೈಯಲ್ಲಿತ್ತು. ನಾನು ನಾಯಿಯವನ ಪಕ್ಕದಲ್ಲಿ ಹಳು ನುಗ್ಗಿದೆ.

ಒಂಟಿ ಹಂದಿ ಎದ್ದಿತು. ಭಾವನ ಬಿಲ್ಲಿನ ಕಡೆಗೇ ನೇರ ಹೋಯಿತು. ನಾವು ಈಡಿನ ಸದ್ದಿಗೆ ಕಾದೆವು. ಇಷ್ಟು ಹೊತ್ತಿಗೆ ಬರಬೇಕಿತ್ತು ಅನ್ನುವಷ್ಟು ಹೊತ್ತು ಕಳೆದ ಮೇಲೆ ಒಂದು ಈಡು ಕೇಳಿತು. ಆಮೇಲೆ ಕೇಳಿದ್ದು ಹಂದಿ ಹಿಂದಕ್ಕೆ ನಮ್ಮ ಕಡೆಗೇ ಬರುವ ಸದ್ದು. ನಾನು ಮರದ ಹಿಂದೆ ಹಾರಿದೆ. ನಾಯಿಯವ ನಾಯಿಯ ಹಗ್ಗ ಕೈಗೆ ಸುತ್ತಿಕೊಂಡಿದ್ದ, ಹಾರಲು ಆಗಲಿಲ್ಲ. ಅವನ ತೊಡೆ ಮಂಡಿಯಿಂದ ಮೇಲಿನವರೆಗೆ ಸೀಳಿಹೋಯಿತು.

ಕಂಬಳಿಗೆ ಗಳು ಕಟ್ಟಿ ಅವನನ್ನು ರಸ್ತೆಗೆ ಹೊತ್ತು ತಂದೆವು. ತೀರ್ಥಹಳ್ಳಿಗೆ ಹೋಗುವ ಲಾರಿ ಸಿಕ್ಕಿತು, ಹತ್ತಿಸಿ ಕಳಿಸಿದೆವು. ಆಮೇಲೆ ರಸ್ತೆ ಬದಿಯಲ್ಲೇ ವಿಚಾರಣೆ ಶುರುವಾಯಿತು. ಹಂದಿ ಭಾವನ ಮುಂದೆ ಹದಿನೈದು ಹೆಜ್ಜೆಯಲ್ಲಿ ಹಾದುಹೋಗಿತ್ತು. ಅಷ್ಟು ಹತ್ತಿರದ್ದನ್ನು ಬಿಟ್ಟು ಕೂತಲ್ಲಿ ಸಿನಿಮಾ ನೋಡುತ್ತಿದ್ದಿರಾ ಎಂದು ಒಬ್ಬ ಕೇಳಿದ. ಭಾವ ದುರ್ಬೀನು ತೋರಿಸಿದ.

"ಒಳಗೆ ಬರೀ ರೋಮ ಕಂಡಿದ್ದು ಮಾರಾಯ್ರೇ. ತಲೆಯಾ, ಕುಂಡೆಯಾ, ಒಂದೂ ಗೊತ್ತಾಗ್ಲಿಲ್ಲ," ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ದುರ್ಬೀನು ತಂದವನು ನಾನೆಂದು ಊರಿಗೇ ಗೊತ್ತಿತ್ತು.

"ಕಣ್ಣು ಸರಿ ಇದ್ದೋರಿಗೆ ಕಾಣ್ತದೆ," ಎಂದೆ.

ಅವನು ಅಷ್ಟು ವರ್ಷ ಮುಚ್ಚಿಟ್ಟುಕೊಂಡದ್ದು ಒಂದು ಮಾತಿಗೆ ಹೊರಗೆ ಬಿತ್ತು. ಬಿಲ್ಲು ಕಳೆದವನು, ಅಂದರೆ ಮುಂದೆ ಬಂದ ಪ್ರಾಣಿಯನ್ನು ಬಿಟ್ಟವನು, ಮುಂದಿನ ವರ್ಷ ಕೋವಿ ಇಲ್ಲದೆ ಹಳು ನುಗ್ಗಬೇಕು ಎಂಬುದು ಅವರ ಬೇಟೆಯ ಪದ್ಧತಿ. ರೈಫಲ್ ಇದ್ದವನಿಗೂ ರಿಯಾಯಿತಿ ಇರಲಿಲ್ಲ. ಅಲ್ಲೇ ತೀರ್ಮಾನವಾಯಿತು.

ಸ್ಪರ್ಧೆಗೆ ನಾಲ್ಕು ದಿನ ಉಳಿದಾಗ ನಾನು ರೈಫಲ್ ತರಲು ಮಾಸ್ತಿಕಟ್ಟೆಗೆ ಹೋದೆ. ಅಷ್ಟರಲ್ಲಿ ಭಾವ ಶಿವಮೊಗ್ಗಕ್ಕೆ ಹೋಗಿಬಂದಿದ್ದ. ಅಂಗಡಿಯ ಮುದುಕ ದನದ ವಿಷಯ ಪೂರ್ತಿ ಹೇಳಿದ್ದನಂತೆ. ಭಾವ ಕೂಗಾಡಲಿಲ್ಲ. ಅವನು ಕೂಗಾಡುವ ಜಾತಿಯಲ್ಲ, ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, ನಾಯಿಯವ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ನಿನಗೆ ಮೊದಲೇ ಗೊತ್ತಿತ್ತು ಎಂಬುದನ್ನು ನೀನೇ ಅವನಿಗೆ ಹೇಳಿ ಬಾ, ಆಮೇಲೆ ರೈಫಲ್ ಕೊಡುತ್ತೇನೆ ಎಂದ. ಬೇರೇನಾದರೂ ಕೇಳಿ ಎಂದೆ. ಬೇರೇನೂ ಬೇಡ ಎಂದ. ಅಕ್ಕ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು.

"ಹೇಳಿ ಬಾರಾ ತಮ್ಮ. ನಂಗೆ ಈ ಮನೇಲಿ ಬಾಳ್ಬೇಕು," ಎಂದಳು.

ಹೋದೆ. ನಾಯಿಯವ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದ. ಅಂಗಳದಲ್ಲಿ ಕಟ್ಟಿದ್ದ ನಾಯಿಗಳು ನನ್ನನ್ನು ಕಂಡು ಹಾರಾಡಿದವು. ಕೂರು ಎಂದು ಯಾರೂ ಹೇಳಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅಂಗಡಿ, ಓಣಿ, ದನ, ದಿಬ್ಬದ ಮೇಲೆ ಭಾವ ಕೇಳಿದ್ದು, ನಾನು ಹೇಳಿದ್ದು. ಅವನು ಮೇಲಿನ ಮಾಡು ನೋಡುತ್ತಾ ಪೂರ್ತಿ ಕೇಳಿಸಿಕೊಂಡ.

"ಹೇಳಿದ್ರೆ ರೈಫಲ್ ಕೊಡ್ತೀನಿ ಅಂದ್ರಾ ನಿನ್ ಭಾವ?" ಎಂದು ಕೇಳಿದ.

"ಹೌದು."

"ಇಲ್ದಿದ್ರೆ ಹೇಳ್ತಿದ್ಯಾ?"

ಇಲ್ಲ ಎಂದೆ. ಅಷ್ಟು ಹೊತ್ತಿಗೆ ಸುಳ್ಳು ಹೇಳಿ ನನಗೂ ಸಾಕಾಗಿತ್ತು.

"ಎದ್ದು ನಿನ್ ಮೇಲೆ ನಾಯಿ ಬಿಚ್ಚೋಕೆ ಆಗ್ತಿಲ್ಲ ನಂಗೆ, ಅಷ್ಟೇಯ. ಹೋಗು," ಎಂದ.

ವಾಪಸು ಬಂದಾಗ ಜಗುಲಿಯ ಮೇಲೆ ಒಂದು ಟವೆಲಿನಲ್ಲಿ ಸುತ್ತಿದ ದುರ್ಬೀನು ಇತ್ತು. ಭಾವ ಸ್ಕ್ರೂ ತೆಗೆದು ರೈಫಲ್ಲಿನಿಂದ ಬಿಚ್ಚಿಟ್ಟಿದ್ದ. ಹೇಳಿದೆಯಾ ಎಂದು ಕೇಳಿದ. ಹೇಳಿದೆ ಎಂದೆ. ಟವೆಲನ್ನು ನನ್ನ ಕಡೆ ತಳ್ಳಿ, ಇದು ನೀನು ಆರಿಸಿದ್ದು, ತಗೊಂಡು ಹೋಗು ಎಂದ. ರೈಫಲ್ ಎಲ್ಲಿ ಎಂದು ಕೇಳಿದೆ.

"ಕೊಡ್ತೀನಿ ಅಂತ ಹೇಳಿದ್ದು ಹೌದು. ಕಾಡಿಗೆ ಆಗೋದು ತರ್ತೀನಿ ಅಂತ ನೀನೂ ಹೇಳಿದ್ದೆ," ಎಂದ.

ಹೊಸನಗರಕ್ಕೆ ಹೋಗಿ ಲೈಸೆನ್ಸಿನಿಂದ ನನ್ನ ಹೆಸರು ತೆಗೆಸಲು ಅರ್ಜಿಯನ್ನೂ ಕೊಟ್ಟು ಬಂದಿದ್ದ. ನನ್ನನ್ನು ನಾಯಿಯವನ ಮನೆಗೆ ಕಳಿಸುವ ಮೊದಲೇ. ಅಕ್ಕನಿಗೂ ಅದು ಗೊತ್ತಿರಲಿಲ್ಲ. ಅವಳು ಹೊರಗೆ ಬರಲಿಲ್ಲ, ನಾನು ಒಳಗೆ ಹೋಗಲಿಲ್ಲ. ಅವನಿಗೆ ಮೋಸ ಮಾಡಿದ್ದು ನಾನೇ ಮೊದಲು, ಒಪ್ಪುತ್ತೇನೆ. ಆದರೆ ಚಾಪೆ ಮೇಲೆ ಮಲಗಿದವನ ಮುಂದೆ ನನ್ನನ್ನು ನಿಲ್ಲಿಸಿ, ಎಲ್ಲ ಹೇಳಿಸಿ, ಆಮೇಲೆ ಕೈ ಕೊಟ್ಟನಲ್ಲ, ಅದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅವನು ಸತ್ತಾಗ ಹೋಗಿದ್ದೆ, ಅಕ್ಕನಿಗಾಗಿ.

ಸ್ಪರ್ಧೆಯ ದಿನ ಸಾಗರಕ್ಕೆ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಹೊಡೆಯುವವರ ಹಿಂದೆ, ಹಗ್ಗದ ಆಚೆ, ಒಂದು ಕಲ್ಲಿನ ಮೇಲೆ ದುರ್ಬೀನು ಇಟ್ಟು ಗುರಿಹಲಗೆಗಳನ್ನು ನೋಡಿದೆ. ಹಿಂದಿನ ವರ್ಷ ಎರಡನೆಯವನಾಗಿದ್ದವನು ನನ್ನನ್ನು ಗುರುತಿಸಿ, ರೈಫಲ್ ಎಲ್ಲಿ ಮಾರಾಯ, ಬರೀ ಕೊಳವೆ ತಂದಿದ್ದೀಯಲ್ಲ ಎಂದು ನಕ್ಕ. ಆಮೇಲೆ, ಹೇಗೂ ನೋಡುತ್ತಿದ್ದೀಯ, ನನ್ನ ಗುಂಡು ಎಲ್ಲಿ ಬೀಳುತ್ತದೆ ಹೇಳು ಎಂದ. ಇನ್ನೊಬ್ಬನೂ ಕೇಳಿದ. ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲ ಒಂದೊಂದು ಈಡಿನ ಮೇಲೆ ಕತ್ತು ತಿರುಗಿಸಿ ನನ್ನ ಬಾಯಿ ನೋಡುತ್ತಿದ್ದರು.

ಸರಿಯಾಗಿ ಹೊಡೆದವರಿಗೂ ತಪ್ಪಿತು ಎಂದು ಸುಳ್ಳು ಹೇಳೋಣ ಅನ್ನಿಸಿತ್ತು. ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಹಲಗೆಯ ನಡುವಿನ ಕಪ್ಪಿನೊಳಗೆ ಬಿದ್ದ ಗುಂಡಿನ ತೂತು ಅಷ್ಟು ದೂರದಿಂದ ಹತ್ತು ಪಟ್ಟಿನ ಗಾಜಿನಲ್ಲೂ ಕಾಣುವುದಿಲ್ಲ. ಸುತ್ತಲಿನ ಬಿಳಿಯಲ್ಲಿ ಬಿದ್ದದ್ದು ಮಾತ್ರ ಕಾಣುತ್ತದೆ. ಸರಿಯಾಗಿ ಹೊಡೆದವರಿಗೆ ಕಾಣಲಿಲ್ಲ ಎಂದೆ, ತಪ್ಪಿದವರಿಗೆ ಎಲ್ಲಿ, ಎಷ್ಟು ತಪ್ಪಿತು ಎಂದು ವಿವರವಾಗಿ ಹೇಳಿದೆ. ಸಂಜೆಯವರೆಗೂ ಹೇಳಿದೆ. ಆ ವರ್ಷ ನಾನು ಸಂತೋಷಪಟ್ಟಿದ್ದು ಅವತ್ತೊಂದೇ ದಿನ.