ಏಳನೇ ಹಾಸಿನ ಹಲಗೆ

ಊರಿನ ಚರಂಡಿ ನೀರು ಶುದ್ಧವಾಗಿ ಹೊಳೆಗೆ ಸೇರುತ್ತದೆ, ಸರಿ. ತಳದಲ್ಲಿ ಉಳಿದ ಕೆಸರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಪುಣ್ಯಾತ್ಮರುಂಟೇ? ಅದು ಹೋಗುವುದು ಹದದಣ್ಣನ ಹತ್ತಿರಕ್ಕೆ. ಇಪ್ಪತ್ತೆರಡು ವರ್ಷದಿಂದ ಶುದ್ಧೀಕರಣ ಘಟಕದಲ್ಲಿ ಅದನ್ನು ಮರಳಿನ ಹಾಸುಗಳ ಮೇಲೆ ಹರಡಿ, ಕೆದಕಿ, ಒಣಗಿಸಿ ಗೊಬ್ಬರ ಮಾಡುವವನು ಅವನು. ಹೆಂಟೆಯೊಂದನ್ನು ಹಿಸುಕಿದಾಗ ಪುಡಿಪುಡಿಯಾಗಿ ಉದುರಿದರೆ "ಹದ ಬಂತು" ಅನ್ನುತ್ತಾನೆ. ಅದೇ ಅವನ ಹೆಸರೂ ಆಯಿತು.

ಅವನ ತಂಗಿಗೊಂದು ನರ್ಸರಿ ಇದೆ. "ಆ ಹೊಲಸನ್ನ ನನ್ನ ಗಿಡಕ್ಕೆ ಹಾಕ್ಬೇಕಾ?" ಎಂದು ಎರಡು ವರ್ಷ ಮೂಗು ಮುರಿದಳು. ಅಣ್ಣ ಕಾಡಿ ಬೇಡಿ ಒಪ್ಪಿಸಿದ.

"ಪರೀಕ್ಷೆ ಪಾಸಾದ್ರೆ ಒಂದು ಲೋಡು ಕಳ್ಸು. ಇದೊಂದೇ ಸಲ ಕಣಣ್ಣ, ಆಮೇಲೆ ಕೇಳ್ಬೇಡ."

ಅವನು ಏಳನೇ ಹಾಸನ್ನು ಅವಳಿಗೆಂದೇ ಕಾದಿಟ್ಟ. ಪ್ರಯೋಗಾಲಯದವರು ಬಂದು, ಹಾಸಿನ ಮೂಲೆಯಲ್ಲಿ ನೆಟ್ಟ ಹಲಗೆಯ ನಂಬರ್ ನೋಡಿ ಮಾದರಿ ಒಯ್ದರು. ಹದಿನೈದು ದಿನಕ್ಕೆ ವರದಿ ಬಂತು: ರೋಗಾಣು ಮಿತಿಮೀರಿದೆ, ಕಸದ ಗುಂಡಿಗೆ ಸಾಗಿಸಿ.

ಹದದಣ್ಣನಿಗೆ ಪಿತ್ತ ನೆತ್ತಿಗೇರಿತು.

"ಥೂ! ನನ್ನ ಕೈಗಿಂತ ಅವರ ಬಾಟ್ಲಿಗೆ ಜಾಸ್ತಿ ಗೊತ್ತಾ ಸಾರ್? ವರ್ಷಗಟ್ಲೆ ಬಿಸಿಲಲ್ಲಿ ಬೆಂದ ಮಾಲು! ಬನ್ನಿ, ಏಳಕ್ಕೆ ಬನ್ನಿ, ನೀವೇ ಹಿಸುಕಿ ನೋಡಿ!" ಎಂದು ಘಟಕದ ಇಂಜಿನಿಯರನ್ನು ಹೊರಡಿಸಿಯೇ ಬಿಟ್ಟ.

ಇಂಜಿನಿಯರು ನಡುದಾರಿಯಲ್ಲೇ ನಿಂತರು. "ಏಳು ಇದೇ ಅಲ್ವೇನಪ್ಪಾ?"

ಅದು ಮೂರನೇ ಹಾಸು. ಹೋದ ತಿಂಗಳು ಸುರಿದ ಕೆಸರು, ಮೇಲೆ ಚಕ್ಕೆಗಟ್ಟಿದ್ದರೂ ಒಳಗೆ ಹಸಿಹಸಿ. ಅದರ ಮೂಲೆಯಲ್ಲಿ ಏಳರ ಹಲಗೆ ಜಂಬದಿಂದ ನಿಂತಿತ್ತು. ಪ್ರಯೋಗಾಲಯದವರು ಮಾದರಿ ಒಯ್ದದ್ದು ಇಲ್ಲಿಂದಲೇ. ಅಂಚೆಲ್ಲ ಸವೆದಿತ್ತು. ಸವೆಸಿದವನು ಹದದಣ್ಣನೇ. ಕೈಗೆ ಸಿಕ್ಕ ಹಲಗೆ ಕಿತ್ತು ಬೂಟಿನ ಕೆಸರು ಕೆರೆಯುವುದು, ಕೆರೆದು ನಿಂತಲ್ಲೇ ನೆಡುವುದು ಅವನ ಹಳೇ ಚಾಳಿ. ಹಾಸುಗಳನ್ನು ಕಣ್ಣುಮುಚ್ಚಿ ಗುರುತಿಸುವವನಿಗೆ ನಂಬರ್ ಯಾಕೆ ಬೇಕು? ಅಯ್ಯೋ ಕರ್ಮವೇ, ಈಗ ಯಾರಿಗೆ ಬಯ್ಯುವುದು! ಮಾಡಿದ್ದುಣ್ಣೋ ಮಹಾರಾಯ ಅನ್ನುವ ಮಾತು ಬೇರೆಯವರಿಗೆ ಹೇಳುವಾಗಷ್ಟೇ ಚೆನ್ನ.

"ಸಾರ್... ತಪ್ಪು ನಂದೇ. ಇನ್ನೊಂದ್ಸಲ ಮಾದರಿ ತೆಗೆಸಿ."

"ತೆಗೆಸೋಣ. ಮತ್ತೆ ಹದಿನೈದು ದಿನ. ಅಲ್ಲೀವರೆಗೂ ಒಂದು ಬುಟ್ಟೀನೂ ಹೊರಗೆ ಹೋಗಕೂಡ್ದು."

ಅವನು ಹಲಗೆ ಕಿತ್ತು ಕಂಕುಳಲ್ಲಿಟ್ಟುಕೊಂಡು ತಂಗಿಗೆ ಫೋನ್ ಮಾಡಿದ.

"ಫೇಲ್ ಆಯ್ತಂತೆ? ನಾನು ಹೇಳ್ಲಿಲ್ವಾ? ಬಿಡಣ್ಣ, ಬೇರೆ ಕಡೆಯಿಂದ ತರಿಸ್ಕೊಂಡೆ. ಇನ್ಮೇಲೆ ಆ ಮಾತೇ ಎತ್ಬೇಡ."

"ಫೇಲಾಗಿದ್ದು ಗೊಬ್ಬರ ಅಲ್ಲ ಕಣೇ, ನಾನು!"

ಅಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು.